ನಾನು ಉಜ್ಜಿದ ಬಂಡೆ

ಸಂತೋಷ ಹೆಚ್ಚಾದವರನ್ನು ಒಂದು ಕಡೆ ಕೂರಿಸಿ ಕೈ ಕಟ್ಟಿಹಾಕಬೇಕು. ದುಃಖದಲ್ಲಿರುವವರು ಮೂಲೆ ಹಿಡಿದು ಕೂತಿರುತ್ತಾರೆ, ಯಾರಿಗೂ ತೊಂದರೆಯಿಲ್ಲ. ಸಂತೋಷದಲ್ಲಿರುವವರ ಕೈಗೆ ತೆಂಗಿನ ನಾರು ಸಿಕ್ಕಿತೋ, ಮುಗಿಯಿತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಇದನ್ನು ಓದಿ ಹೇಳುತ್ತಿಲ್ಲ, ಮಾಡಿ ಹೇಳುತ್ತಿದ್ದೇನೆ.

ಚಿನ್ನದ ಗಣಿಯ ಊರು ನಮ್ಮ ಆಂಡರ್ಸನ್‌ಪೇಟೆ. ಅಲ್ಲಿಯ ಒಂದು ಶಾಲೆಯಲ್ಲಿ ನೀರಿನ ತೊಟ್ಟಿಗಳ ಪಾಚಿ ಉಜ್ಜುವುದು ನನ್ನ ಕೆಲಸವಾಗಿತ್ತು. ಉಜ್ಜಿ ಉಜ್ಜಿ ಮೊಮ್ಮಗಳು ಸುಕನ್ಯಳನ್ನು ಓದಿಸಿದೆ. ಅವಳು ಓದಿ ಓದಿ ಏನಾದಳು ಅಂದರೆ, ಕಲ್ಲಿನ ಮೇಲೆ ಬೆಳೆದದ್ದನ್ನು ಯಾರೂ ಉಜ್ಜದ ಹಾಗೆ ಕಾಯುವವಳಾದಳು. ಬೇತಮಂಗಲದ ಕೆರೆಯ ನಡುವೆ ಒಂದು ಪುಟ್ಟ ದ್ವೀಪವಿದೆ. ದ್ವೀಪ ಅಂದರೆ ನಾಲ್ಕು ಬಂಡೆ, ಒಂದು ಜಾಲಿ ಗಿಡ. ಅಲ್ಲಿ ಅವಳಿಗೆ ಬಂಡೆಗೆ ಪಾಚಿಯ ಹಾಗೆ ಅಂಟಿಕೊಂಡು ಬೆಳೆಯುವ ಒಂದು ಕಲ್ಲುಹೂವು ಸಿಕ್ಕಿತು. ಅಂಥದ್ದು ಬೇರೆಲ್ಲೂ ಕಂಡಿಲ್ಲ ಅಂತ ಅವಳ ಕಾಲೇಜಿನ ಮೇಷ್ಟರುಗಳೇ ಹೇಳಿದರಂತೆ. ನಾನು ಬೀದಿಗೆಲ್ಲ ಸಕ್ಕರೆ ಹಂಚಿದೆ. “ಏನಕ್ಕಾ, ಮೊಮ್ಮಗ್ಳಿಗೆ ಮದ್ವೇನಾ?” ಅಂತ ಪಕ್ಕದ ಮನೆ ಸೆಲ್ವಿ ಕೇಳಿದಳು. “ಮದ್ವೆ ಯಾರಿಗ್ ಬೇಕಮ್ಮ, ಕಲ್ಲುಊವು ಸಿಕ್ಕೈತೆ!” ಅಂದೆ. ಅವಳು ಸಕ್ಕರೆ ಬಾಯಿಗೆ ಹಾಕಿಕೊಂಡು, “ಬಿರಿಯಾನಿಗೆ ಹಾಕೋದಾ?” ಅಂದಳು.

“ಅದು ಒಂದಲ್ಲ ಅಜ್ಜಿ, ಎರಡು ಜೀವ,” ಅಂದಿದ್ದಳು ಸುಕನ್ಯ. “ಒಂದು ಮನೆ ಕಟ್ಟತ್ತೆ, ಇನ್ನೊಂದು ಅಡಿಗೆ ಮಾಡತ್ತೆ. ಗಾಳಿ ಕೆಟ್ರೆ ಎರಡೂ ಸಾಯ್ತವೆ.”

“ಅದ್ಕೇ ನಮ್ಮ ಬೀದೀಲಿ ಒಂದೂ ಇಲ್ವಾ?”

ಅವಳು ಗಣಿಯ ವಿಷದ ಮಣ್ಣು ಸುರಿದ ಸೈನೈಡ್ ದಿಬ್ಬದ ಕಡೆ ಕೈ ತೋರಿಸಿದಳು. ನನ್ನ ಯಜಮಾನರು ಗಣಿಯಿಂದ ಬಂದು ಕೆಮ್ಮುತ್ತಾ ಇದನ್ನೇ ಹೇಳುತ್ತಿದ್ದರು. ಅವರಿಗೆ ಯಾರೂ ಪದವಿ ಕೊಡಲಿಲ್ಲ.

ಆ ದ್ವೀಪದ ಮೇಲೆ ಸಿಮೆಂಟು ಮಂಟಪ ಕಟ್ಟಿ, ಫೋಟೋ ತೆಗೆಸಿಕೊಳ್ಳುವವರಿಗೆ ಬಣ್ಣದ ದೀಪ ಹಾಕುವ ಏರ್ಪಾಟು ನಡೆದಿತ್ತು. ಬೇಡ ಅಂತ ಸುಕನ್ಯ ಅರ್ಜಿ ಕೊಟ್ಟಿದ್ದಳು. ಕಲ್ಲುಹೂವು ಇರುವುದು ಕಣ್ಣಿಗೆ ಕಂಡರೆ ಕೆಲಸ ನಿಲ್ಲಿಸುತ್ತೇವೆ ಅಂತ ಹೇಳಿ, ಸೋಮವಾರ ಸಾಹೇಬರೊಬ್ಬರು ನೋಡಲು ಬರುವವರಿದ್ದರು. ಭಾನುವಾರ ಸುಕನ್ಯ ಏನೋ ಕೆಲಸಕ್ಕೆ ಬಂಗಾರಪೇಟೆಗೆ ಹೋದಳು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ನೆಂಟರು ಬರುವ ಮುಂಚೆ ಮನೆ ತೊಳೆಯದ ಹೆಂಗಸು ನಾನಲ್ಲ. ಅರಿಶಿನ, ಕುಂಕುಮ, ಒಂದು ಹಿಡಿ ತೆಂಗಿನ ನಾರು ಕಟ್ಟಿಕೊಂಡು ಬೇತಮಂಗಲದ ಬಸ್ಸು ಹತ್ತಿದೆ. ಕೆರೆಯಲ್ಲಿ ಮೀನು ಹಿಡಿಯುವ ನಾರೆಪ್ಪನ ತೆಪ್ಪವಿತ್ತು.

“ಈ ವಯಸ್ನಾಗೆ ತೆಪ್ಪ ಯಾಕಕ್ಕ? ನೀನು ನೀರಿಗ್ ಬಿದ್ರೆ ನಿನ್ ಮೊಮ್ಮಗ್ಳು ನನ್ನ ಬಿಡ್ತಾಳಾ?”

“ಮಾತ್ ಕಮ್ಮಿ ಮಾಡಿ ಉಟ್ಟು ಆಕ್ಲಾ,” ಅಂದೆ. ಅವನು ಹುಟ್ಟು ಹಾಕಿ ತೆಪ್ಪ ನೂಕಿದ.

ನಾನೇನು ಅಷ್ಟು ದಡ್ಡಿಯಲ್ಲ. ಬಂಡೆಯ ಮೇಲೆ ಕಿತ್ತಳೆ ಬಣ್ಣದ, ಬಿಸಿಲಿಗೆ ಹೊಳೆಯುವ ಬಿಲ್ಲೆಯಂಥ ಹೂವು ಕಂಡಿತು. ಇದೇ ಅಂದುಕೊಂಡೆ. ಅದಕ್ಕೆ ನಾರು ತಾಗಿಸಲಿಲ್ಲ. ದೂರದಿಂದಲೇ ಅರಿಶಿನ ಚಿಮುಕಿಸಿ ಕೈ ಮುಗಿದೆ. ಸುತ್ತ ಬೂದಿ ಬಣ್ಣದ ಕೊಳೆ ಕಚ್ಚಿಕೊಂಡಿತ್ತು, ಅದನ್ನು ಉಜ್ಜಿದೆ. ಶಾಲೆಯ ತೊಟ್ಟಿಯನ್ನೂ ಅಷ್ಟು ಚೆನ್ನಾಗಿ ಉಜ್ಜಿರಲಿಲ್ಲ. ಬಂಡೆಯ ಆಚೆ ಬದಿ ಮಾತ್ರ ಉಳಿಯಿತು, ಬಗ್ಗಲು ಮಂಡಿ ಒಪ್ಪಲಿಲ್ಲ. ಸಾಹೇಬರು ಅಲ್ಲಿಯವರೆಗೂ ಬಗ್ಗುತ್ತಾರಾ ಅಂತ ಬಿಟ್ಟುಬಂದೆ.

ಮಾರನೆಯ ದಿನ ಹೊಸ ಸೀರೆ ಉಟ್ಟು ಸುಕನ್ಯಳ ಜೊತೆ ನಾನೂ ಹೋದೆ. ತೆಪ್ಪದಿಂದ ಇಳಿದವಳು ಇಳಿದಲ್ಲೇ ನಿಂತಳು.

“ನಾನೇ ಮಗಾ ತೊಳ್ದಿದ್ದು. ನಿನ್ ಊವಿನ್ ತಂಟೆಗೇ ಓಗಿಲ್ಲ, ನೋಡು, ಎಂಗ್ ಒಳೀತೈತೆ!”

“ಅದು ಎಲ್ಲಾ ಕಡೆ ಬೆಳೆಯತ್ತೆ ಅಜ್ಜಿ. ನನ್ನದು ಬೂದಿ ಬಣ್ಣದ್ದು.”

ಚಿನ್ನದ ಊರಿನಲ್ಲಿ ಹುಟ್ಟಿ ಬೆಳೆದವಳು ನಾನು. ಬೆಲೆಯಿರುವುದು ಹೊಳೆದೇ ಹೊಳೆಯುತ್ತದೆ ಅಂತ ತಿಳಿದಿದ್ದೆ. “ಮತ್ತೆ ಬೆಳೆಯಲ್ವಾ?” ಅಂತ ಕೇಳಿದೆ.

“ಬೆಳೆಯತ್ತೆ. ನಿನ್ನ ಕಾಲಕ್ಕಲ್ಲ. ನನ್ನ ಕಾಲಕ್ಕೂ ಅಲ್ಲ.”

ಎರಡು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಹೊಟ್ಟೆ ಅಡಿಯಾಗಿ ಮಲಗಿ ಬಂಡೆಯ ಆಚೆ ಬದಿ ಇಣುಕಿದಳು. ಅಂಗೈ ಅಗಲದಷ್ಟು ಬೂದಿ ಅಲ್ಲಿ ಉಳಿದಿತ್ತು. ಅಷ್ಟರಲ್ಲಿ ಸಾಹೇಬರು ಬಂದರು. “ಇಷ್ಟೇನಾ?” ಅಂದರು. “ಇಷ್ಟೇ ಸಾರ್. ಅದಕ್ಕೇ ಕೇಳ್ತಿರೋದು,” ಅಂದಳು. ಅವರು ಅವಳ ಮುಖ ನೋಡಿದರು, ಆಮೇಲೆ ಇಸ್ತ್ರಿ ಅಂಗಿಯಲ್ಲೇ ಅವಳ ಪಕ್ಕ ಮಲಗಿ ನೋಡಿದರು.

ಮಂಟಪದ ಕೆಲಸ ನಿಂತಿದೆ. ದ್ವೀಪಕ್ಕೆ ಹಗ್ಗ ಕಟ್ಟಿ ಬೋರ್ಡು ಹಾಕಿದ್ದಾರೆ: ಹತ್ತಬೇಡಿ, ಮುಟ್ಟಬೇಡಿ, ಉಜ್ಜಬೇಡಿ. ಅಕ್ಷರ ಕೂಡಿಸಿ ಓದಿದೆ. ಮೂರನೆಯದನ್ನು ಯಾರಿಗೋಸ್ಕರ ಬರೆಸಿದ್ದಾರೆ ಅಂತ ಬೇರೆಯವರಿಗೆ ಗೊತ್ತಾಗುವುದಿಲ್ಲ. ಸುಕನ್ಯ ದಿನಾ ಸಂಜೆ ನನ್ನ ಮಂಡಿಗೆ ಎಣ್ಣೆ ಹಚ್ಚುತ್ತಾಳೆ. ಆದರೆ ಪೂರ್ತಿ ವಾಸಿಯಾಗಲಿ ಅನ್ನುವ ಆಸೆ ಅವಳ ಕೈಯಲ್ಲಿ ಕಾಣುವುದಿಲ್ಲ.

ನಾನಂತೂ ಬೀದಿಗೆಲ್ಲ ಮತ್ತೆ ಸಕ್ಕರೆ ಹಂಚಿದೆ. “ನನ್ ಮೊಮ್ಮಗ್ಳು ಕಲ್ಲುಊವು ಉಳಿಸಿದ್ಲು!” ಅಂದೆ. “ಯಾರ ಕೈಯಿಂದ ಅಕ್ಕಾ?” ಅಂತ ಸೆಲ್ವಿ ಕೇಳಿದಳು.

ಒಂದು ಹಿಡಿ ಸಕ್ಕರೆ ನಾನೇ ಬಾಯಿಗೆ ಹಾಕಿಕೊಂಡೆ.