ರತನ್‌ನ ಮೀಸೆಗೆ ಊರೆಲ್ಲ ಪಾಲುದಾರರು

ಎಲ್ಲ ರಗಳೆಗೆ ಕಾರಣ ರತನ್‌ನ ಮೇಲ್ದುಟಿಯ ಮೇಲೆ ಮೂಡಿದ ಹದಿನೇಳು ಕೂದಲು. ಹದಿನೇಳೇ ಎಂದು ಹೇಗೆ ಗೊತ್ತು ಎಂದರೆ, ಕುಂದಾಪುರದ ಪಕ್ಕದ ಕಡಲೂರು ಕೋಡಿಯ ಆ ಕೇರಿಯಲ್ಲಿ ಅದನ್ನು ಎಣಿಸದವರೇ ಇರಲಿಲ್ಲ.

ಮೂರು ವರ್ಷದ ಹಿಂದೆ, ತಾನು ಹೆಣ್ಣಲ್ಲ ಗಂಡು ಎಂದು ಹೇಳಿ ಅವನು ಜಡೆ ಕತ್ತರಿಸಿ ಹೆಸರು ಬದಲಿಸಿಕೊಂಡಾಗ, ಇದೇ ಕೇರಿ ಅವನನ್ನು ಕಂಡು ಬಾಗಿಲು ಹಾಕಿಕೊಂಡಿತ್ತು. ಈಗ ಒಪ್ಪಿಕೊಂಡಿದೆ. ಒಪ್ಪಿಕೊಂಡದ್ದೇ ಗ್ರಹಚಾರವಾಯಿತು. ಹಾಕಿದ ಬಾಗಿಲುಗಳೆಲ್ಲ ತೆರೆದುಕೊಂಡು, ಅವನು ಏನು ತಿನ್ನಬೇಕು, ಏನು ಬಿಡಬೇಕು ಎಂದು ಹೇಳತೊಡಗಿದವು. ಮೀಸೆ ರತನ್‌ನದು, ಹೊಟ್ಟೆ ಮಾತ್ರ ಸಾರ್ವಜನಿಕರದ್ದು.

ರತನ್ ಮೀನಿನ ಐಸು ಸಾಗಿಸುವ ಟೆಂಪೊ ಓಡಿಸುತ್ತಿದ್ದ. ಮೂರು ತಿಂಗಳಿಗೊಮ್ಮೆ ಗಂಡು ಹಾರ್ಮೋನಿನ ಇಂಜೆಕ್ಷನ್. ಹೋದ ಸಲ ಡಾಕ್ಟರಮ್ಮ ರಿಪೋರ್ಟು ನೋಡಿ, "ರಕ್ತ ದಪ್ಪ ಆಗ್ತಿದೆ ರತನ್. ಈ ಔಷಧಿಯಲ್ಲಿ ಹಾಗಾಗುವುದುಂಟು. ಸಿಗರೇಟು ಬಿಡಿ, ನಡೆಯಿರಿ, ನೀರು ಕುಡಿಯಿರಿ, ಹೊತ್ತಿಗೆ ಸರಿಯಾಗಿ ಮಲಗಿ. ಮುಂದಿನ ಸಲವೂ ಹೀಗೇ ಇದ್ದರೆ ಇಂಜೆಕ್ಷನ್ ನಿಲ್ಲಿಸಬೇಕಾಗುತ್ತದೆ" ಎಂದಿದ್ದರು. ನಿಲ್ಲಿಸಿದರೆ ನಿಂತಿದ್ದ ಮುಟ್ಟು ತಿರುಗಿ ಬಂದೀತು. ಸಿಗರೇಟನ್ನು ಆವತ್ತೇ ಬಿಟ್ಟ. ದಿನಾ ನಸುಕಿನಲ್ಲಿ ಎದ್ದು ಕಡಲ ಬದಿಯಲ್ಲಿ ಓಡತೊಡಗಿದ.

ಇವತ್ತು ಪರೀಕ್ಷೆಗೆ ರಕ್ತ ಕೊಡುವ ದಿನ. ಓಡಿ ಬಂದು, ಬೆವರು ಸುರಿಸುತ್ತ ಅಡಿಗೆಮನೆಯ ಚೊಂಬೆತ್ತಿ ಒಂದು ಗುಟುಕು ಹಾಕಿದವನು ಥೂ ಎಂದು ಉಗಿದ.

"ಅಮ್ಮಾ, ನೀರಿಗೆ ಎಂತ ಹಾಕಿದೆ?"

ತಾಯಿ ಅಮ್ಮಣಿ ತಲೆ ತಗ್ಗಿಸಿದಳು. "ಒಂದೇ ಒಂದ್ ಚಮಚ ಮಗಾ. ಉಮಾನಾಥಣ್ಣ ಕೊಟ್ಟ ಪುಡಿ."

ಮುಂಬೈಯಲ್ಲಿ ಇಪ್ಪತ್ತು ವರ್ಷ ಹೋಟೆಲಿನಲ್ಲಿದ್ದು ಬಂದ ಪಕ್ಕದ ಮನೆಯ ಉಮಾನಾಥ, ಕರೆಯುವುದಕ್ಕೇ ಕಾದವನಂತೆ ಅಂಗಳದಿಂದಲೇ ಕೂಗಿದ: "ಹ್ವಾಯ್ ರತನ್! ಮೀಸಿ ಬಪ್ಪುಕೆ ಸೂಜಿ ಒಂದೇ ಸಾಕಾತ್ತಾ? ಅದ್ ಪೈಲ್ವಾನ್ರ್ ತಿಂಬು ಪುಡಿ ಮಾರಾಯಾ!"

"ನನ್ ಮೈಗೆ ಯಜಮಾನ ಯಾರ್, ನಾನಾ ನೀವಾ?" ರತನ್ ಚೊಂಬನ್ನು ಬಚ್ಚಲಿಗೆ ಎಸೆದ. "ರಕ್ತ ಕೊಟ್ಟ್ ಬಪ್ಪು ತನ್ಕ ಒಂದ್ ತೊಟ್ಟ್ ನೀರ್ ಸೈತ ಮುಟ್ಟುದಿಲ್ಲ! ಎಲ್ರೂ ಬಾಯ್ ಮುಚ್ಚಿ!"

ಯಾರೂ ಮುಚ್ಚಲಿಲ್ಲ. ಬಸ್‌ಸ್ಟಾಪಿನಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ವನಜಕ್ಕ, ಬಾಳೆಲೆಯಲ್ಲಿ ಸುತ್ತಿದ ಬೇಯಿಸಿದ ಮೊಟ್ಟೆ ಮುಂದೆ ಹಿಡಿದಳು.

"ನಾಕ್ ಮೊಟ್ಟಿ ಇತ್ತ್, ತಿಂದ್ಕಂಡ್ ಹೋಗ್. ಸೋಯಾ ಮಾತ್ರ ಮುಟ್ಬ್ಯಾಡ ಮಗಾ, ವಾಪಾಸ್ ಹೆಣ್ಣ್ ಆತೆ ಅಂಬ್ರ್."

"ವಾಪಾಸ್ ಹೋಪುಕೆ ನಾನೆಂತ ಬಸ್ಸಾ?" ಎಂದು ರತನ್ ಕಿರುಚಿದ.

ಬಸ್‌ಸ್ಟಾಪೆಲ್ಲ ನಕ್ಕಿತು. ಕೆಲವರು ಬಗ್ಗಿ ಅವನ ತುಟಿಯನ್ನೂ ನೋಡಿದರು. ಅವನಿಗೆ ಮೈಯೆಲ್ಲ ಉರಿದುಹೋಯಿತು. ಹೆಣ್ಣೆಂದು ಇವರು ತಿಳಿದಿದ್ದಾಗ ಏನು ತಿಂದೆ ಎಂದು ಒಬ್ಬರೂ ಕೇಳಿರಲಿಲ್ಲ. ಈಗ ಗಂಡೆಂದು ಒಪ್ಪಿಕೊಂಡ ತಪ್ಪಿಗೆ ನಾಲ್ಕು ಮೊಟ್ಟೆಯ ದಂಡ! ಬಸ್ಸಿಗೆ ಕಾಯದೆ, ಏಪ್ರಿಲ್ ತಿಂಗಳ ಬಿಸಿಲಲ್ಲಿ ಕುಂದಾಪುರದವರೆಗೂ ನಡೆದೇ ಹೋದ. ದಾರಿಯಲ್ಲಿ ಅಂಗಡಿಗಳಿದ್ದವು, ಬಾಟಲಿ ನೀರೂ ಇತ್ತು. ಆದರೆ ಆಡಿದ ಶಪಥ ಶಪಥವೇ. ಲ್ಯಾಬಿನಲ್ಲಿ ಸರದಿ ಬರುವ ಹೊತ್ತಿಗೆ ಹನ್ನೊಂದಾಗಿತ್ತು, ನಾಲಗೆ ಒಣಮೀನಿನಂತಾಗಿತ್ತು.

ರಕ್ತ ತೆಗೆಯುವ ನವ್ಯಾ ಅದೇ ಕೇರಿಯ ಹುಡುಗಿ. ಅವನ ಒಡೆದ ತುಟಿ ನೋಡಿ ಸಿರಿಂಜು ಕೆಳಗಿಟ್ಟಳು.

"ರತನಣ್ಣಾ, ಒಂದ್ ಮಾತ್ ಹೇಳ್ಲಾ?"

"ನೀನೂ ಶುರು ಮಾಡ್ದ್ಯಾ? ಮೊಟ್ಟಿಯಾ, ಸೋಯಾವಾ, ಪುಡಿಯಾ?" ರತನ್ ಮೇಜು ಗುದ್ದಿದ. "ಸೂಜಿ ಚುಚ್ಚುದ್ ನಿನ್ ಕೆಲ್ಸ. ಚುಚ್ಚ್! ಬಾಯ್ ಮುಚ್ಕ!"

ನವ್ಯಾ ಬಾಯಿ ಮುಚ್ಚಿಕೊಂಡಳು. ಚುಚ್ಚಿದಳು.

ಬೆಳಗಿನಿಂದ ಮೊದಲ ಬಾರಿಗೆ ಒಬ್ಬರು ತನ್ನ ಮಾತು ಕೇಳಿದರಲ್ಲ ಎಂದು ರತನ್‌ಗೆ ಒಳಗೊಳಗೇ ಹಿಗ್ಗಾಯಿತು. ಎದೆ ಸೆಟೆಸಿ ಮನೆಗೆ ಬಂದು, ಬಾವಿಯಿಂದ ತಾನೇ ನೀರು ಸೇದಿ, ಅರ್ಧ ಕೊಡಪಾನ ಖಾಲಿ ಮಾಡಿದ.

ಸಂಜೆ ಡಾಕ್ಟರಮ್ಮನ ಫೋನು ಬಂತು. ರಕ್ತ ಹೋದ ಸಲಕ್ಕಿಂತಲೂ ದಪ್ಪ. ಇಂಜೆಕ್ಷನ್ ಸದ್ಯಕ್ಕಿಲ್ಲ, ಎರಡು ವಾರ ಬಿಟ್ಟು ಮತ್ತೆ ರಕ್ತ ಕೊಡಬೇಕು. ರತನ್ ಹಾಗೇ ಜಗಲಿಯ ಮೇಲೆ ಕುಸಿದ. ಮೂರು ತಿಂಗಳ ಓಟ, ಬಿಟ್ಟ ಸಿಗರೇಟು, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಲ್ಯಾಬಿನವರೇ ಏನೋ ಎಡವಟ್ಟು ಮಾಡಿದ್ದಾರೆಂದು ಸಿಟ್ಟು ನೆತ್ತಿಗೇರಿ, ನವ್ಯಾಳಿಗೆ ಫೋನು ಮಾಡಿ ಗದರಿಸಿದ.

"ಲ್ಯಾಬಿಂದ್ ತಪ್ಪಲ್ಲ ಅಣ್ಣಾ" ಎಂದಳು ನವ್ಯಾ ಮೆಲ್ಲಗೆ. "ನೀರ್ ಕುಡೀದೆ, ಬಿಸ್ಲಂಗೆ ಒಣಗ್ಕಂಡ್ ಬಂದ್ರೆ ರಕ್ತ ದಪ್ಪ ತೋರ್ಸತ್ತ್. ಇವತ್ತ್ ಬ್ಯಾಡ, ಚೆಂದ ಮಾಡಿ ನೀರ್ ಕುಡ್ದ್ ನಾಳೆ ಬನ್ನಿ ಅಂದ್ ಹೇಳೂಕ್ ಹೊರಟಿದ್ದೆ. ನೀವ್ ಬಾಯ್ ಮುಚ್ಕ ಅಂದ್ರಿ."

ರತನ್ ಜಗಲಿಯಿಂದ ಎದ್ದು ನಿಂತ. ಆಗ ಹೊರಟ ದನಿ ಕಡಲಿಗೂ ಕೇಳಿಸಿರಬೇಕು.

"ಇಷ್ಟ್ ವರ್ಷ ಬಾಯ್ ಮುಚ್ಚಿ ಬಾಯ್ ಮುಚ್ಚಿ ಅಂದ್ ಬಡ್ಕಂಡ್ರೂ ಈ ಕೇರಿಯಂಗೆ ಒಬ್ರೂ ಮುಚ್ಲಿಲ್ಲ! ಇಲ್ಲೇ ಹುಟ್ಟಿ ಬೆಳ್ದ್, ನೀ ಒಬ್ಳ್ ಯಾಕ್ ಮುಚ್ಚಿದ್ದ್?"

ಆ ಕೂಗಿಗೆ, "ಎಂತಾಯ್ತ್ ಮಾರಾಯಾ, ಎಂತಾಯ್ತ್?" ಎನ್ನುತ್ತ ಕೇರಿಯೆಲ್ಲ ಅಂಗಳಕ್ಕೆ ಬಂದು ನಿಂತಿತು.