ಹದಿನೆಂಟು ಗ್ರಾಂ ಗ್ಲೂಕೋಸೂ ಮದ್ರಾಸಿ ಅಂಕಲ್ಲೂ

ಬುದ್ಧಿವಂತನೆಂದು ಹೆಸರು ಬರುವುದಕ್ಕಿಂತ ದೊಡ್ಡ ಗ್ರಹಚಾರ ಇನ್ನೊಂದಿಲ್ಲ. ಅದರಲ್ಲೂ ಏನೂ ಮಾಡದೆಯೇ ಬಂದರೆ ಮುಗಿಯಿತು. ದಿಲ್ಲಿಯವರ ಪಾಲಿಗೆ ವಿಂಧ್ಯದ ಕೆಳಗಿನವರೆಲ್ಲ ಮದ್ರಾಸಿಗಳು, ಮದ್ರಾಸಿಗಳಿಗೆಲ್ಲ ಗಣಿತ, ವಿಜ್ಞಾನ ಹುಟ್ಟಿನಿಂದಲೇ ಬರುತ್ತವೆ. ನಾನು ಧಾರವಾಡದಲ್ಲಿ ಇತಿಹಾಸ ಓದಿ, ಇಲ್ಲಿನ ಸರ್ಕಾರಿ ಕಚೇರಿಯೊಂದರಲ್ಲಿ ಕಡತ ತಳ್ಳುವವನು. ದಿಲ್ಲಿಯ ದ್ವಾರಕಾ ಬಡಾವಣೆಗೆ ಮೆಟ್ರೊ ಬಂದ ಹೊಸತರಲ್ಲಿ ನಾವು ಈ ಸೊಸೈಟಿಗೆ ಬಂದೆವು. ಯಾರೂ ನನ್ನ ಡಿಗ್ರಿ ಕೇಳಲಿಲ್ಲ, ನಾನೂ ಮೇಲೆ ಬಿದ್ದು ಹೇಳಲಿಲ್ಲ.

ಒಂದು ಸಂಜೆ ಎದುರು ಫ್ಲ್ಯಾಟಿನ ಶ್ರೀಮತಿ ಭಾಟಿಯಾ ತಮ್ಮ ಮಗಳು ರಿತುವನ್ನು ತಂದು ನಮ್ಮ ಸೋಫಾದಲ್ಲಿ ಕೂರಿಸಿದರು. ಹನ್ನೊಂದನೇ ಕ್ಲಾಸು. ಮರುದಿನ ಕೆಮಿಸ್ಟ್ರಿಯ ಮರುಪರೀಕ್ಷೆ. ಇದರಲ್ಲೂ ಫೇಲಾದರೆ ಸೈನ್ಸ್ ಬಿಡಿಸಿ ಕಾಮರ್ಸಿಗೆ ಹಾಕುತ್ತಾರಂತೆ. ಹುಡುಗಿಯ ಕಣ್ಣುಗಳು ಅತ್ತು ಅತ್ತು ಕೆಂಪಾಗಿದ್ದವು. ನಿಜ ಹೇಳಿಬಿಡೋಣವೆಂದು ಬಾಯಿ ತೆರೆದರೆ "ಅಚ್ಛಾ, ನೋಡೋಣ" ಎಂಬ ಮಾತು ಹೊರಬಿತ್ತು. ಅಡುಗೆಮನೆಯಲ್ಲಿ ನನ್ನ ಹೆಂಡತಿ ಹಣೆ ಚಚ್ಚಿಕೊಂಡಳು.

ಹದಿನೆಂಟು ಗ್ರಾಂ ಗ್ಲೂಕೋಸಿನಲ್ಲಿ ಎಷ್ಟು ಪರಮಾಣುಗಳಿವೆ? ಪ್ರಶ್ನೆ ಓದಿಯೇ ನನಗೊಂದು ಲೋಟ ಗ್ಲೂಕೋಸ್ ಬೇಕೆನಿಸಿತು. ನೀನೇ ಮಾಡಿ ತೋರಿಸು ಎಂದೆ, ಆದಷ್ಟು ಗಂಭೀರವಾಗಿ. ನೂರೆಂಬತ್ತು ಗ್ರಾಮಿಗೆ ಒಂದು ಮೋಲ್, ಹಾಗಾಗಿ ಇದು ಮೋಲಿನ ಹತ್ತನೇ ಒಂದು ಪಾಲು ಎಂದಳು. ಅದನ್ನು ಆರರ ಮುಂದೆ ಇಪ್ಪತ್ತಮೂರು ಸೊನ್ನೆ ಇಟ್ಟಷ್ಟು ದೊಡ್ಡ ಸಂಖ್ಯೆಯಿಂದ ಗುಣಿಸಿ, ಉತ್ತರದ ಕೆಳಗೆ ಗೆರೆ ಎಳೆದು ನನ್ನ ಮುಖ ನೋಡಿದಳು. ಸುಮ್ಮನಿದ್ದರೆ ಬಣ್ಣ ಬಯಲಾದೀತೆಂದು, "ಬೇಟಾ, ಇಲ್ಲಿ ಏನನ್ನು ಎಣಿಸಿದೆ?" ಎಂದೆ. ದೇವರಾಣೆಗೂ ಗೊತ್ತಿಲ್ಲದೆ ಕೇಳಿದ್ದು.

ಅವಳ ಪೆನ್ನು ನಿಂತಿತು.

"ಅಂಕಲ್, ಯೇ ತೋ ಅಣುಗಳು! ಒಂದೊಂದರಲ್ಲೂ ಇಪ್ಪತ್ತನಾಲ್ಕು ಪರಮಾಣು. ಹರ್ ಬಾರ್ ಇದನ್ನೇ ಮರೀತೀನಿ."

ಇಪ್ಪತ್ತನಾಲ್ಕರಿಂದ ಗುಣಿಸಿ, ನನಗೆ ಥ್ಯಾಂಕ್ಸ್ ಹೇಳಿ ಹೋದಳು. ಮಗು ಫೇಲಾದರೆ ಯಾರು ಹೊಣೆ ಎಂದು ಹೆಂಡತಿ ತರಾಟೆಗೆ ತೆಗೆದುಕೊಂಡಳು. ಫಲಿತಾಂಶ ಬರುವವರೆಗೂ ಭಾಟಿಯಾರ ಕಣ್ಣು ತಪ್ಪಿಸಲು ನಾನು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದೆ.

ಕಡೆಗೆ ಬೆಲ್ ಆಯಿತು. ಬರ್ಫಿ ಡಬ್ಬಿಯೊಂದಿಗೆ ಶ್ರೀಮತಿ ಭಾಟಿಯಾ. ರಿತು ಪಾಸು. ಹೆಂಡತಿ ಹಿಂದಿನಿಂದ ತಿವಿದಳು. ನಾನು ಓದಿದ್ದು ಇತಿಹಾಸ, ಕೆಮಿಸ್ಟ್ರಿಯ ಗಂಧಗಾಳಿ ಇಲ್ಲ, ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ.

ಆಕೆ ಮನಸಾರೆ ನಕ್ಕರು. "ಭಾಯಿಸಾಬ್, ನಿಮ್ಮ ಕಡೆಯವರಿಗೆ ವಿದ್ಯೆಯ ಜೊತೆ ವಿನಯ ಬೇರೆ. ನಾಳೆ ಫಿಸಿಕ್ಸಿಗೆ ಕಳಿಸ್ತೀನಿ."

ಆಕೆ ನಂಬಲಿಲ್ಲವೆಂದು ನನ್ನ ಎದೆ ಹೊಡೆದುಕೊಂಡದ್ದು ನಿಜ. ಆದರೆ ಎಲ್ಲಿ ನಂಬಿಬಿಡುತ್ತಾರೋ ಎಂದು ಅದಕ್ಕೂ ಮುಂಚೆ ಹೊಡೆದುಕೊಂಡದ್ದು ಇನ್ನೂ ಜೋರಾಗಿತ್ತು.