ಫಾರ್ವರ್ಡ್ ಆಗಿ ಬಂದ ಭಯಗಳು

ಕೊಡಿಗೇನಹಳ್ಳಿಯಲ್ಲಿ ನನ್ನದೊಂದು ಔಷಧಿ ಅಂಗಡಿ. ಈಗೀಗ ಜ್ವರ, ಕೆಮ್ಮಿನವರಿಗಿಂತ ಮೊಬೈಲ್ ನೋಡಿ ಹೆದರಿದವರೇ ಹೆಚ್ಚು ಬರುತ್ತಾರೆ. ಅದಕ್ಕೆ ನನ್ನ ಹತ್ತಿರ ಮಾತ್ರೆಯಿಲ್ಲ. ನಾನೇ ಅವರಿಗಿಂತ ಪುಕ್ಕಲ.

ಚಿರತೆ

ಒಂದು ಸಂಜೆ ಗಿರಾಕಿಯೊಬ್ಬ ಓಡಿಬಂದ. "ಅಣ್ಣ, ಬಸ್ ಸ್ಟ್ಯಾಂಡ್ ಹಿಂದೆ ಚಿರತೆ! ವಿಡಿಯೊ ಬಂದದೆ ನೋಡು."

ಅದರಲ್ಲಿ ಚಿರತೆ ಒಂದು ಮನೆಯ ಗೋಡೆ ಹಾರುತ್ತಿತ್ತು. ಒಳಗಿದ್ದ ಗಿರಾಕಿಗಳ ಸಮೇತ ಶಟರ್ ಎಳೆದುಬಿಟ್ಟೆ. ಹೊರಗೆ ನಾಯಿ ಬೊಗಳಿದರೂ ಕೌಂಟರ್ ಹಿಂದೆ ಅವಿತುಕೊಳ್ಳುತ್ತಿದ್ದೆ. "ನನ್ ಮಗಳು ಮನೇಲಿ ಒಬ್ಳೇ ಅವ್ಳೆ" ಎಂದು ಒಬ್ಬಾಕೆ ಅಳತೊಡಗಿದಳು. ಅಳುತ್ತಲೇ ಫೋನ್ ಕಿತ್ತುಕೊಂಡು ಇನ್ನೊಮ್ಮೆ ನೋಡಿದಳು.

"ಲೇ, ಮನೆ ಮೇಲೆಲ್ಲ ಹಿಮ ಬಿದ್ದದಲ್ಲೋ! ನಮ್ಮೂರಾಗೆ ಹಿಮ ಯಾವಾಗ ಬಿತ್ಲಾ?"

ವಿಡಿಯೊ ತಂದವನು ಜಗ್ಗಲಿಲ್ಲ. "ಅದಕ್ಕೇ ಕಣಕ್ಕ, ಚಳಿ ತಡೀನಾರ್ದೆ ಇಲ್ಲಿಗೆ ಬಂದಿರ್ತದೆ!"

ಹೊಟ್ಟೆನೋವು

ಒಮ್ಮೆ ನನಗೇ ಕಿಬ್ಬೊಟ್ಟೆ ಹಿಡಿದುಕೊಂಡಿತು. ಅಂಗಡಿ ತುಂಬ ಔಷಧಿಯಿದ್ದರೂ, ಡಾಕ್ಟರು ಪಕ್ಕದ ಬೀದಿಯಲ್ಲೇ ಇದ್ದರೂ, ಮೊಬೈಲನ್ನು ಕೇಳಿದೆ. ಅರ್ಧ ಓದಿ ಅಡುಗೆಮನೆಗೆ ಓಡಿದೆ. ಹೆಂಡತಿಯ ಕೈ ಹಿಡಿದು, "ಏನೋ ದೊಡ್ಡದೇ ಇರಬೇಕು ಕಣೇ" ಎಂದೆ.

ಅವಳೂ ಗಾಬರಿಯಿಂದ ಫೋನ್ ತೆಗೆದುಕೊಂಡು ಕೊನೆಯವರೆಗೆ ಓದಿದಳು. "ಇದು ಗರ್ಭಕೋಶದ ಕಾಯಿಲೆ ಅಂತೈತೆ. ಎಷ್ಟು ತಿಂಗಳು ರೀ ನಿಮಗೆ?"

ಬೆಟ್ಟ

ಮಧುಗಿರಿ ಬೆಟ್ಟದ ಬುಡದಲ್ಲೇ ನಮ್ಮ ಅತ್ತೆಯ ಮನೆ. ಒಂದು ಬೆಳಿಗ್ಗೆ ಅವರ ಫೋನು: "ಅಳಿಯಂದ್ರೇ, ಬೆಟ್ಟ ಬಿರುಕು ಬಿಟ್ಟದೆ! ಗ್ರೂಪಿಗೆ ಫೋಟೋ ಬಂದದೆ. ಬಂಡೆ ಜಾರಿದ್ರೆ ನಾವ್ಯಾರೂ ಉಳಿಯಲ್ಲ!"

ನಾನೂ ಹೆಂಡತಿಯೂ ಸಿಕ್ಕಿದ ಬಸ್ಸು ಹತ್ತಿದೆವು. ಹೋಗಿ ನೋಡಿದರೆ ಅತ್ತೆಯ ಟಿವಿ, ಹಾಸಿಗೆ ಎಲ್ಲ ಬೀದಿಯಲ್ಲಿ. ಅಕ್ಕಪಕ್ಕದ ಹೆಂಗಸರೂ ಗಂಟುಮೂಟೆ ಕಟ್ಟಿ ಅತ್ತೆಯ ಫೋನನ್ನೇ ಮುತ್ತಿಕೊಂಡು ನಿಂತಿದ್ದರು. ನಾನು ಬೆಟ್ಟದ ಕಡೆ ಕತ್ತೆತ್ತಿದೆ. ಗಟ್ಟಿಯಾಗಿಯೇ ಕೂತಿತ್ತು.

"ಇಲ್ಲಿಂದ ಕಾಣಕ್ಕಿಲ್ಲ, ಆ ಕಡೆ ಬಿಟ್ಟದೆ" ಎಂದು ಅತ್ತೆ ಫೋಟೋ ತೋರಿಸಿದರು. ನಿಜ, ನೆತ್ತಿಯಿಂದ ಬುಡದವರೆಗೆ ಸೀಳು! ನಾನೂ ಒಂದು ಗಂಟು ಎತ್ತಿಕೊಂಡೆ.

ಹೆಂಡತಿ ಫೋಟೋವನ್ನು ಬೆರಳಿಂದ ಸರಿಸಿದಳು. ಬೆಟ್ಟ ಸರಿಯಿತು, ಬಿರುಕು ಅಲ್ಲೇ ಉಳಿಯಿತು.

"ಅಮ್ಮಾ, ಫೋನ್ ಬೀಳಿಸಿದ್ಯಾ?"

"ನಿನ್ನೆ ಬಚ್ಚಲಲ್ಲಿ ಬಿತ್ತು. ಯಾಕೆ?"

ಒಡೆದದ್ದು ಫೋನಿನ ಗಾಜು. ಅಷ್ಟರಲ್ಲಿ ಹೆಂಡತಿಯ ಬೆರಳು ತಾಗಿ ಪರದೆ ಮೇಲೆ ಮುಂದಿನ ಫೋಟೋ, ಮಾವನವರದು, ಬಂತು. ಅದೇ ಬಿರುಕು, ಸರಿಯಾಗಿ ಅವರ ನೆತ್ತಿಯಿಂದ ಗಲ್ಲದವರೆಗೆ.

"ನೋಡಮ್ಮ, ಅಪ್ಪನ ತಲೇಲೂ ಇದೆ" ಎಂದಳು ನನ್ನ ಹೆಂಡತಿ.

ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು. "ಇವರ್ದು ಬುಡು, ಮದುವೆ ಆದಾಗ್ಲಿಂದ್ಲೂ ಇಂಗೇ. ಬೆಟ್ಟಕ್ಕೇನೂ ಆಗಿಲ್ಲ ತಾನೆ?"